ಹೊಸ ರೂಟರ್, ಹಳೆಯ ಪ್ರಿಂಟರ್

ಪ್ರಶ್ನೆ: ನಮ್ಮ ಮನೆಗೆ ಈಚೆಗೆ ಫೈಬರ್ ಸಂಪರ್ಕ ಬಂದಿದೆ. ಹೊಸ ರೂಟರಿನಲ್ಲಿ ಫೋನು, ಟಿವಿ ಎರಡೂ ಚೆನ್ನಾಗಿ ನಡೆಯುತ್ತಿವೆ. ಆದರೆ ಹತ್ತು ವರ್ಷ ಹಳೆಯ ವೈ-ಫೈ ಪ್ರಿಂಟರ್ ಮತ್ತು ಗೀಸರಿಗೆ ಹಾಕಿರುವ ಸ್ಮಾರ್ಟ್ ಪ್ಲಗ್ ಸೇರಿಕೊಳ್ಳುತ್ತಿಲ್ಲ. ಸಂಪರ್ಕ ಕೊಡಲು ಬಂದವರು ‘ಇವೆಲ್ಲ ಹಳೆಯವು, ಬದಲಿಸಿಬಿಡಿ’ ಎಂದರು. ಬದಲಿಸಲೇಬೇಕೆ?
– ಓದುಗರು, ಶಿರಸಿ

ಉತ್ತರ: ಬದಲಿಸುವ ಮೊದಲು ರೂಟರಿನ ಸೆಟ್ಟಿಂಗ್ಸ್ ನೋಡಿ. ಹೆಚ್ಚಿನ ಮನೆಗಳಲ್ಲಿ ತೊಡಕು ಇರುವುದು ಅಲ್ಲಿಯೇ.

ನಿಮ್ಮ ರೂಟರ್ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡ್‌ಗಳಲ್ಲಿ, ಎಂದರೆ ರೇಡಿಯೊ ತರಂಗಗಳ ಎರಡು ಪಟ್ಟಿಗಳಲ್ಲಿ, ಒಟ್ಟಿಗೆ ಕೆಲಸ ಮಾಡುತ್ತದೆ. 5ರ ಬ್ಯಾಂಡ್ ವೇಗವಾದದ್ದಾದರೂ ಗೋಡೆಗಳನ್ನು ದಾಟುವಾಗ ಬೇಗ ಸೊರಗುತ್ತದೆ, 2.4ರದ್ದು ನಿಧಾನ, ಆದರೆ ಹೆಚ್ಚು ದೂರ ಮುಟ್ಟುತ್ತದೆ. ಹಳೆಯ ಪ್ರಿಂಟರ್‌ಗಳಲ್ಲಿ ಬಹುಪಾಲು 2.4ನ್ನು ಮಾತ್ರ ಬಲ್ಲವು. ಸ್ಮಾರ್ಟ್ ಪ್ಲಗ್, ಬಲ್ಬ್‌ಗಳನ್ನಂತೂ ಇಂದಿಗೂ ಸಾಮಾನ್ಯವಾಗಿ 2.4ಕ್ಕಷ್ಟೇ ತಯಾರಿಸುತ್ತಾರೆ, ಏಕೆಂದರೆ ಆ ಚಿಪ್ ಅಗ್ಗ, ಮತ್ತು ‘ಆನ್ ಆಗು’, ‘ಆಫ್ ಆಗು’ ಎಂಬಷ್ಟು ಸಂದೇಶಕ್ಕೆ ವೇಗದ ಅಗತ್ಯವೇ ಇಲ್ಲ. ಆದ್ದರಿಂದ ಇವತ್ತು ಅಂಗಡಿಯಿಂದ ತಂದ ಪ್ಲಗ್ ಕೂಡ ನಿಮ್ಮ ಮನೆಯಲ್ಲಿ ಇದೇ ತಕರಾರು ತೆಗೆಯಬಹುದು.

ತಕರಾರಿಗೆ ಮುಖ್ಯವಾಗಿ ಎರಡು ಕಾರಣಗಳಿವೆ. ಹೊಸ ರೂಟರ್‌ಗಳು ಎರಡೂ ಬ್ಯಾಂಡ್‌ಗಳಿಗೆ ಒಂದೇ ಹೆಸರಿಟ್ಟು, ಯಾವ ಸಾಧನ ಎಲ್ಲಿರಬೇಕೆಂಬುದನ್ನು ತಾವೇ ತೀರ್ಮಾನಿಸುತ್ತವೆ. ಹೀಗಿರುವಾಗ ಫೋನು ತಾನಾಗಿ 5ಕ್ಕೆ ಹೋಗಿ ಕೂರುತ್ತದೆ, ಮತ್ತು ಪ್ಲಗ್ಗನ್ನು ಮೊದಲ ಸಲ ಜೋಡಿಸುವಾಗ ಫೋನೂ 2.4ರಲ್ಲಿಯೇ ಇರಬೇಕೆಂದು ಬಯಸುವ ಆ್ಯಪ್‌ಗಳು ಅಲ್ಲಿಗೇ ಕೈಚೆಲ್ಲುತ್ತವೆ. ಎರಡನೆಯದು ಭದ್ರತೆಯ ವಿಧಾನ. 2018ರಲ್ಲಿ ಬಂದ ಡಬ್ಲ್ಯುಪಿಎ3 ನಿಮ್ಮ ಪ್ರಿಂಟರಿಗೆ ತಿಳಿಯದು. ರೂಟರಿನಲ್ಲಿ ಅದೊಂದನ್ನೇ ಆರಿಸಿದ್ದರೆ, ಪಾಸ್‌ವರ್ಡ್ ಸರಿಯಾಗಿದ್ದರೂ ಪ್ರಿಂಟರ್ ಒಳಗೆ ಬರಲಾರದು.

ರೂಟರಿನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಸೆಟ್ಟಿಂಗ್ಸ್ ಪುಟದ ವಿಳಾಸವೂ ಲಾಗಿನ್ ವಿವರವೂ ಸಾಮಾನ್ಯವಾಗಿ ಇರುತ್ತವೆ. ಆ ಪುಟದಲ್ಲಿ ಎರಡು ಬ್ಯಾಂಡ್‌ಗಳನ್ನು ಒಂದು ಮಾಡುವ ಆಯ್ಕೆಯನ್ನು ತೆಗೆದುಹಾಕಿ, ಒಂದೊಂದಕ್ಕೂ ಬೇರೆ ಹೆಸರು ಕೊಡಿ. ನನ್ನ ಮುಖ್ಯ ಸಲಹೆ ಇಲ್ಲಿದೆ: 2.4ರ ಬ್ಯಾಂಡ್‌ಗೆ ನಿಮ್ಮ ಹಳೆಯ ರೂಟರಿನ ಹೆಸರನ್ನೂ ಪಾಸ್‌ವರ್ಡನ್ನೂ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಸಹಿತ ಯಥಾವತ್ತಾಗಿ ಇಟ್ಟು, ಭದ್ರತೆಯನ್ನು ಡಬ್ಲ್ಯುಪಿಎ3ಕ್ಕಿಂತ ಹಿಂದಿನ ವಿಧಾನವಾದ ಡಬ್ಲ್ಯುಪಿಎ2-ಎಇಎಸ್‌ಗೆ ಹೊಂದಿಸಿ. ಪ್ರಿಂಟರ್ ಮತ್ತು ಪ್ಲಗ್‌ಗಳ ನೆನಪಿನಲ್ಲಿ ಹಳೆಯ ಹೆಸರು ಉಳಿದೇ ಇರುವುದರಿಂದ, ರೂಟರ್ ಬದಲಾದದ್ದನ್ನು ಅರಿಯದೆ ಅವು ಸಾಮಾನ್ಯವಾಗಿ ತಾವಾಗಿಯೇ ಸೇರಿಕೊಳ್ಳುತ್ತವೆ. ಒಂದೊಂದು ಬಲ್ಬನ್ನೂ ರೀಸೆಟ್ ಮಾಡುತ್ತ ಕೂರುವ ಕೆಲಸ ಇದರಿಂದ ತಪ್ಪುತ್ತದೆ. ಬದಲಾಯಿಸಲು ಬೀಗ ಹಾಕಿದ ರೂಟರ್ ಆಗಿದ್ದರೆ ಸಂಪರ್ಕ ಕೊಟ್ಟವರಿಗೇ ಫೋನ್ ಮಾಡಿ, ಇದನ್ನೇ ಮಾಡಿಕೊಡುವಂತೆ ಕೇಳಿ.

ಅಷ್ಟಾದ ಮೇಲೂ ಪ್ಲಗ್ ಹಟ ಮಾಡಿದರೆ, ಅದನ್ನು ರೀಸೆಟ್ ಮಾಡಿ, ಫೋನನ್ನು 2.4ರ ಹೆಸರಿಗೆ ಸೇರಿಸಿಕೊಂಡು ಜೋಡಿಸಿ. ಜೋಡಣೆ ಮುಗಿದ ಮೇಲೆ ಫೋನನ್ನು 5ಕ್ಕೆ ಮರಳಿಸಬಹುದು. ಎರಡು ಹೆಸರುಗಳಿದ್ದರೂ ಒಳಗಿನ ಜಾಲ ಒಂದೇ ಆದ್ದರಿಂದ 5ರಲ್ಲಿರುವ ಫೋನಿನಿಂದ 2.4ರ ಪ್ರಿಂಟರಿಗೆ ಕಾಗದ ಕಳುಹಿಸಲು ಅಡ್ಡಿಯಿಲ್ಲ. ಅತಿಥಿಗಳಿಗೆಂದು ಮಾಡುವ ಗೆಸ್ಟ್ ನೆಟ್‌ವರ್ಕಿನ ಮಾತು ಬೇರೆ. ಅದರಲ್ಲಿರುವ ಸಾಧನಗಳನ್ನು ಮನೆಯ ಉಳಿದ ಸಾಧನಗಳಿಂದ ರೂಟರ್ ದೂರವಿಡುತ್ತದೆ. ಪ್ರಿಂಟರನ್ನು ಅಲ್ಲಿಗೆ ಸೇರಿಸಬೇಡಿ.

ನೀವು ಕೇಳದಿದ್ದರೂ ಹೇಳಬೇಕಾದ ಒಂದು ಮಾತು: ಗೀಸರಿಗೆ ಹಾಕಿರುವ ಪ್ಲಗ್ 16 ಆಂಪಿಯರಿನದೇ ಎಂದು ಖಚಿತಪಡಿಸಿಕೊಳ್ಳಿ. 3000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. 10 ಆಂಪಿಯರಿನ ಪ್ಲಗ್ ಅದನ್ನು ತಾಳಲಾರದು.

ಪ್ರಶ್ನೆ: ವೈ-ಫೈಗೆ ‘ಗುರುಕೃಪಾ ನಿಲಯ’ ಎಂದು ನಮ್ಮ ಮನೆಯ ಹೆಸರನ್ನೇ ಕನ್ನಡದಲ್ಲಿ ಇಡಲು ಹೋದರೆ ರೂಟರ್ ಒಪ್ಪುತ್ತಿಲ್ಲ. ಕನ್ನಡ ಬರುವುದಿಲ್ಲವೆ?
– ಓದುಗರು, ತುಮಕೂರು

ಉತ್ತರ: ನಿಮ್ಮ ಹೆಸರು ಉದ್ದವಾಯಿತು. ವೈ-ಫೈ ಹೆಸರಿಗೆ ಇರುವ ಜಾಗ 32 ಬೈಟ್ ಮಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು; ಕನ್ನಡದಲ್ಲಿ ಮೂಲಾಕ್ಷರಕ್ಕೆ ಮೂರು, ಅದರ ಮೇಲಿನ ಗುಣಿತದ ಚಿಹ್ನೆಗೆ ಇನ್ನೂ ಮೂರು ಬೇಕು. ಈ ಲೆಕ್ಕದಲ್ಲಿ ‘ಗುರುಕೃಪಾ ನಿಲಯ’ಕ್ಕೆ, ನಡುವಿನ ಖಾಲಿ ಜಾಗವೂ ಸೇರಿ, 37 ಬೈಟ್ ಬೇಕಾಗುತ್ತದೆ. ‘ಗುರುಕೃಪಾ’ ಎಂದಷ್ಟೇ ಇಟ್ಟರೆ 24ರಲ್ಲಿ ಮುಗಿಯುತ್ತದೆ. ಕನ್ನಡವನ್ನು ತೆಗೆದುಕೊಳ್ಳುವ ರೂಟರ್ ಆಗಿದ್ದರೆ ಈ ಹೆಸರನ್ನು 5ರ ಬ್ಯಾಂಡ್‌ಗೆ ಇಡಿ, ಏಕೆಂದರೆ ಅಲ್ಲಿಗೆ ಬರುವ ಹೊಸ ಫೋನುಗಳು ಕನ್ನಡವನ್ನು ಸರಿಯಾಗಿ ತೋರಿಸುತ್ತವೆ. ಹಳೆಯ ಪ್ರಿಂಟರಿನ ಪುಟ್ಟ ಪರದೆಯಲ್ಲಿ ಅದೇ ಹೆಸರು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ಕಾಣಬಹುದು, ಕೆಲವು ಪ್ಲಗ್‌ಗಳ ಆ್ಯಪ್ ಅದನ್ನು ಸ್ವೀಕರಿಸದೆಯೂ ಇರಬಹುದು. ಹಾಗಾಗಿ 2.4ರ ಬ್ಯಾಂಡ್‌ಗೆ ಖಾಲಿ ಜಾಗವಾಗಲಿ, ವಿಶೇಷ ಚಿಹ್ನೆಗಳಾಗಲಿ ಇಲ್ಲದ, ಇಂಗ್ಲಿಷ್ ಅಕ್ಷರಗಳ ಸರಳ ಹೆಸರನ್ನೇ ಉಳಿಸಿಕೊಳ್ಳಿ.