ದಪ್ಪ ಗ್ಯಾಸ್ಕೆಟ್ ಹಾಕಿದರೆ ಸೋರಿಕೆ ನಿಲ್ಲುವುದೇ?

ಪ್ರಶ್ನೆ: ನೈಸರ್ಗಿಕ ಅನಿಲದ ಕೊಳವೆಮಾರ್ಗವೊಂದರ ನಿರ್ವಹಣಾ ವಿಭಾಗದಲ್ಲಿದ್ದೇನೆ. ಕ್ಲಾಸ್ 600 ಒತ್ತಡ ದರ್ಜೆಯ, ರೇಸ್ಡ್ ಫೇಸ್ (ಕೂಡುವ ಮುಖ ತುಸು ಉಬ್ಬಿದ) ಫ್ಲೇಂಜ್ (ಕೊಳವೆಯ ತುದಿಯಲ್ಲಿ ಬೋಲ್ಟು ಬಿಗಿಯುವ ಅಗಲ ಅಂಚು) ಜೋಡಣೆಗೆ 1.5 ಮಿ.ಮೀ. ದಪ್ಪದ ಫೈಬರ್ ಶೀಟ್ ಗ್ಯಾಸ್ಕೆಟ್ (ನಡುವೆ ಇಡುವ ನಾರಿನ ಹಾಳೆಯ ಸೀಲು) ಹಾಕಿದ್ದೆವು. ಕೆಲವೇ ತಿಂಗಳಲ್ಲಿ ಅನಿಲ ಸೋರತೊಡಗಿತು. 3 ಮಿ.ಮೀ. ದಪ್ಪದ್ದನ್ನು ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ, ಸೋರಿಕೆ ಹೆಚ್ಚುವ ಸಾಧ್ಯತೆಯೇ ಅಧಿಕ. ಕೊಳವೆಯೊಳಗಿನ ಒತ್ತಡವು ಗ್ಯಾಸ್ಕೆಟ್ಟಿನ ಒಳ ಅಂಚನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ದಪ್ಪ ಹೆಚ್ಚಿದಂತೆ ಆ ಅಂಚಿನ ವಿಸ್ತೀರ್ಣವೂ ಹೆಚ್ಚುವುದಲ್ಲದೆ, ಬಿಗಿತಕ್ಕೆ ಸಿಕ್ಕ ಹಾಳೆ ದಿನ ಕಳೆದಂತೆ ಇನ್ನಷ್ಟು ಕುಗ್ಗಿ ಬೋಲ್ಟುಗಳ ಸೆಳೆತವೂ ಇಳಿಯುತ್ತದೆ. ಫ್ಲೇಂಜಿನ ಮುಖ ಏರುಪೇರಾಗಿದ್ದರೆ ದಪ್ಪ ಹಾಳೆ ಅದನ್ನು ತುಂಬಿಕೊಳ್ಳುತ್ತದೆ ಎಂಬುದು ಹೌದಾದರೂ, ಅಂಥ ಮುಖವನ್ನು ಯಂತ್ರದಲ್ಲಿ ಸರಿಪಡಿಸುವುದೇ ಲೇಸು.

ಕ್ಲಾಸ್ 600ರ ಕಾರ್ಬನ್ ಉಕ್ಕಿನ ಫ್ಲೇಂಜು ಸಾಮಾನ್ಯ ಉಷ್ಣತೆಯಲ್ಲಿ ಸುಮಾರು 100 ಬಾರ್ ಒತ್ತಡಕ್ಕೆ ಮಾನ್ಯವಾದದ್ದು. ಅಲ್ಲಿಗೆ ಒಪ್ಪುವುದು ಸ್ಪೈರಲ್ ವೂಂಡ್ ಗ್ಯಾಸ್ಕೆಟ್. ತೆಳುವಾದ ಉಕ್ಕಿನ ಪಟ್ಟಿಯನ್ನೂ ಗ್ರಾಫೈಟ್ ಪಟ್ಟಿಯನ್ನೂ ಒಟ್ಟಿಗೆ ಸುತ್ತಿ ಮಾಡಿದ ಇದು ಸ್ಪ್ರಿಂಗಿನಂತೆ ಕುಗ್ಗಿ ಮರಳಿ ಹಿಗ್ಗುವುದರಿಂದ, ಒತ್ತಡ ಮತ್ತು ಉಷ್ಣತೆ ಏರಿಳಿದರೂ ಹಿಡಿತ ಬಿಡುವುದಿಲ್ಲ. ಹೊರ ಉಂಗುರ ಅದನ್ನು ಬೋಲ್ಟುಗಳ ನಡುವೆ ಸರಿಯಾಗಿ ಕೂರಿಸುತ್ತದೆ. ಒಳ ಉಂಗುರವಿರುವುದನ್ನೇ ಕೇಳಿ ಪಡೆಯಿರಿ, ಇಲ್ಲವಾದರೆ ಸುತ್ತುಗಳು ಒಳಕ್ಕೆ ಬಾಗುವ ಅಪಾಯವುಂಟು. ಹೊರ ಉಂಗುರದ ಅಂಚಿಗೆ ಬಳಿದ ಬಣ್ಣವನ್ನೂ ಗಮನಿಸಿ: ಹಸಿರು ಎಂದರೆ ಸುತ್ತಿದ ಪಟ್ಟಿ 316 ಸ್ಟೇನ್‌ಲೆಸ್ ಉಕ್ಕಿನದು, ಹಳದಿ ಎಂದರೆ 304, ಬೂದು ಪಟ್ಟೆ ಎಂದರೆ ನಡುವೆ ತುಂಬಿರುವುದು ಗ್ರಾಫೈಟ್. ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡ್ ಇದ್ದರೆ ಲೋಹದ ಆಯ್ಕೆಯನ್ನು ಬೇರೆಯಾಗಿಯೇ ಪರಿಶೀಲಿಸಬೇಕು.

ಫ್ಲೇಂಜಿನಲ್ಲಿ ಆಳವಾದ ತೋಡು ಇದ್ದರೆ ಮಾತ್ರ ಲೋಹದ ರಿಂಗ್ ಜಾಯಿಂಟ್ ಬೇಕಾಗುತ್ತದೆ. ಆ ಉಂಗುರ ತೋಡಿಗಿಂತ ಮೃದುವಾಗಿರಬೇಕು. ಇಲ್ಲದಿದ್ದರೆ ಗೀರು ಬೀಳುವುದು ಬೆಲೆಬಾಳುವ ಫ್ಲೇಂಜಿಗೇ.

ಗ್ಯಾಸ್ಕೆಟ್ ಎಷ್ಟೇ ಒಳ್ಳೆಯದಾದರೂ, ಒಂದೇ ಬದಿಯಿಂದ ಬಿಗಿಯುತ್ತ ಹೋದರೆ ಪ್ರಯೋಜನವಿಲ್ಲ. ಎದುರುಬದುರು ಬೋಲ್ಟುಗಳನ್ನು ಸರದಿಯಂತೆ, ಟಾರ್ಕ್ ರೆಂಚಿನಿಂದ (ಬಿಗಿತವನ್ನು ಅಳೆಯುವ ಪಾನಾ), ಅಂತಿಮ ಬಿಗಿತದ ಸುಮಾರು ಶೇ. 30, ಶೇ. 70 ಮತ್ತು ಶೇ. 100ರ ಹಂತಗಳಲ್ಲಿ ಬಿಗಿದು, ಕೊನೆಗೆ ಸುತ್ತಲೂ ಇನ್ನೊಂದು ಸಾರಿ ನೋಡಿರಿ. ಈಗ ಜೋಡಣೆಯನ್ನು ಹೇಗೂ ಬಿಚ್ಚುತ್ತೀರಿ. ಮೊದಲು ಮಾರ್ಗದ ಒತ್ತಡವನ್ನು ಪೂರ್ತಿ ಇಳಿಸಿ, ಹಳೆಯ ಹಾಳೆಯ ಚೂರು ಉಳಿಯದಂತೆ ಮುಖಗಳನ್ನು ಶುಚಿಗೊಳಿಸಿ, ಒಳಗಿನಿಂದ ಹೊರಕ್ಕೆ ಅಡ್ಡಲಾಗಿ ಹಾದ ಗೀರುಗಳಿವೆಯೇ ಎಂದು ಪರೀಕ್ಷಿಸಿ. ಅಂಥ ಒಂದು ಗೀರಿದ್ದರೂ ಅನಿಲಕ್ಕೆ ಅದೇ ದಾರಿಯಾಗುತ್ತದೆ.