ಹೆಸರಿಲ್ಲದ ದೂರಿಗೆ ಉತ್ತರ ಕೊಡುವುದು ಯಾರಿಗೆ?

ಆದರ್ಶ ಸಮಾಜದಲ್ಲಿ ನಿಯಂತ್ರಣ ಎಷ್ಟಿರಬೇಕು, ವ್ಯಕ್ತಿಗೆ ಸ್ವಾತಂತ್ರ್ಯ ಎಷ್ಟಿರಬೇಕು ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹೊತ್ತು ನಾವೊಂದಿಷ್ಟು ಗೆಳೆಯರು ಹಿಂದೊಮ್ಮೆ ಒಂದೇ ಮನೆಯಲ್ಲಿ ಬದುಕಲು ಹೊರಟಿದ್ದೆವು. ಕೆಲಸ, ಖರ್ಚು ಎರಡನ್ನೂ ಹಂಚಿಕೊಳ್ಳಬೇಕು, ಯಾರೂ ಯಾರ ಮೇಲೂ ಯಜಮಾನಿಕೆ ನಡೆಸಬಾರದು. ಎಲ್ಲರೂ ಕೂತು ನಿಯಮ ಬರೆದೆವು. ರಾತ್ರಿ ಗಲಾಟೆ ಬೇಡ, ಪಾತ್ರೆ ಅವರವರೇ ತೊಳೆಯಬೇಕು, ಇಂಥವು. ಒಂದೂ ಭಾರ ಅನ್ನಿಸಲಿಲ್ಲ.

ಮನೆ ಒಡೆದದ್ದು ದೂರಿನ ಡಬ್ಬಿಯಿಂದ. ಅದನ್ನು ಇಡೋಣ ಅಂದವನು ನಾನೇ. ಎದುರಿಗೇ ಹೇಳಿದರೆ ಜಗಳ ಆಗುತ್ತದೆ, ಹೆಸರು ಬರೆಯದೆ ಚೀಟಿ ಹಾಕಲಿ, ವಾರಕ್ಕೊಮ್ಮೆ ಎಲ್ಲರೆದುರು ಓದೋಣ ಅಂತ ಒಪ್ಪಿಸಿದೆ. ಮೊದಮೊದಲು ಪಾತ್ರೆ, ಗಲಾಟೆಯ ಚೀಟಿಗಳೇ ಬಂದವು. ಆಮೇಲೆ ನಿಯಮದಲ್ಲಿ ಇಲ್ಲದ್ದೆಲ್ಲ ಶುರುವಾಯಿತು. ಒಬ್ಬಳು ಫೋನಿನಲ್ಲಿ ಅಷ್ಟು ಹೊತ್ತು ಯಾರ ಜೊತೆ ಮಾತಾಡುತ್ತಾಳೆ? ಇನ್ನೊಬ್ಬ ಸಂಜೆ ನಮ್ಮ ಜೊತೆ ಯಾಕೆ ಕೂರುವುದಿಲ್ಲ? ಬರೆದವರು ಯಾರು ಗೊತ್ತಿಲ್ಲ, ಹಾಗಾದರೆ ಉತ್ತರ ಕೊಡುವುದು ಯಾರಿಗೆ? ಅದು ಒಬ್ಬರ ಸಿಟ್ಟೋ ಇಡೀ ಮನೆಯ ಅಭಿಪ್ರಾಯವೋ ಅನ್ನುವುದೂ ತಿಳಿಯುವುದಿಲ್ಲ. ಆಗ ಮನುಷ್ಯ ಅದನ್ನು ಎಲ್ಲರ ಅಭಿಪ್ರಾಯ ಅಂತಲೇ ತಿಳಿಯುತ್ತಾನೆ. ಫೋನ್ ಬಂದರೆ ಹೊರಗೆ ಹೋಗಿ ಮಾತಾಡುತ್ತಾನೆ, ಇಷ್ಟವಿಲ್ಲದಿದ್ದರೂ ಬಂದು ಕೂರುತ್ತಾನೆ. ಹೀಗೆ ಮಾಡು ಅಂತ ಯಾವ ನಿಯಮವೂ ಹೇಳಿರಲಿಲ್ಲ. ನನ್ನ ಆಪ್ತ ಗೆಳೆಯನೊಬ್ಬ ತನ್ನ ಮೇಲಿನ ಚೀಟಿ ನಾನೇ ಬರೆದದ್ದು ಅಂತ ನಂಬಿ ಮನೆ ಬಿಟ್ಟ. ನಾನು ಬರೆದಿರಲಿಲ್ಲ. ಅದನ್ನು ಸಾಬೀತು ಮಾಡಲು ನಾನು ಕಟ್ಟಿದ ವ್ಯವಸ್ಥೆಯಲ್ಲಿ ದಾರಿಯೇ ಇರಲಿಲ್ಲ. ಅವನು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ.

ಹಾಗಾಗಿ "ಎಷ್ಟು" ಅನ್ನುವ ನಿಮ್ಮ ಅಳತೆಯನ್ನೇ ನಾನು ಒಪ್ಪುವುದಿಲ್ಲ. ಸ್ವೀಡನ್ನಿನಲ್ಲಿ 1967ರ ಸೆಪ್ಟೆಂಬರ್ 3ರಂದು ಇಡೀ ದೇಶದ ವಾಹನ ಸಂಚಾರ ರಸ್ತೆಯ ಎಡಬದಿಯಿಂದ ಬಲಬದಿಗೆ ಬದಲಾಯಿತು. 1955ರ ಜನಮತದಲ್ಲಿ ಶೇ. 80ಕ್ಕೂ ಹೆಚ್ಚು ಜನ ಅದು ಬೇಡ ಅಂದಿದ್ದರು. ಆದರೂ ಸಂಸತ್ತು ಮಾಡಿತು. ಅಳತೆ ಹಿಡಿದು ನೋಡಿದರೆ ಇದು ದೊಡ್ಡ ನಿಯಂತ್ರಣ. ಆದರೆ ನಿಯಮ ಮಾಡಿದವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು, ಮಂತ್ರಿಗೂ ಅದೇ ರಸ್ತೆ, ಮುಂದಿನ ಚುನಾವಣೆಯಲ್ಲಿ ಲೆಕ್ಕ ಕೇಳಬಹುದಿತ್ತು. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 1989ರಲ್ಲಿ ಸುಮಾರು 90 ಸಾವಿರ ನೌಕರರು, ಅವರಿಗೆ ಸುದ್ದಿ ಮುಟ್ಟಿಸುವ ಒಂದೂವರೆ ಲಕ್ಷಕ್ಕೂ ಹೆಚ್ಚು ಗುಪ್ತ ಮಾಹಿತಿದಾರರು. 1992ರಿಂದ ಜನರಿಗೆ ತಮ್ಮ ಮೇಲಿನ ಕಡತ ಓದಲು ಸಿಕ್ಕಾಗ, ಸುದ್ದಿ ಕೊಟ್ಟವರು ಗೆಳೆಯರು, ಸಹೋದ್ಯೋಗಿಗಳು, ಕೆಲವರಿಗೆ ಸ್ವಂತ ಗಂಡನೇ ಅಂತ ತಿಳಿಯಿತು. ನಮ್ಮ ಡಬ್ಬಿಗೂ ಅದಕ್ಕೂ ಹೋಲಿಕೆ ಅತಿಯಾಯಿತು ಅನ್ನಿಸಬಹುದು. ಯಾರಿಗೂ ಜೈಲಾಗಲಿಲ್ಲ, ನಿಜ. ಆದರೆ ಅನುಮಾನ ಹುಟ್ಟುವ ದಾರಿ ಒಂದೇ.

ಅಮೆರಿಕದ ಸಂಶೋಧಕಿ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ವಾ, ಅವರ ಕೆಲಸವನ್ನು ನಾನು ಆಮೇಲೆ ಓದಿದೆ. ಅವರು ಕಂಡಂತೆ, ಹುಲ್ಲುಗಾವಲು, ಕಾಡು, ನೀರಾವರಿ ಕಾಲುವೆಗಳನ್ನು ಜನರೇ ಸೇರಿ ತಲೆಮಾರುಗಟ್ಟಲೆ ಉಳಿಸಿಕೊಂಡ ಕಡೆಗಳಲ್ಲಿ ನಿಯಮಗಳು ಕಡಿಮೆ ಇರಲಿಲ್ಲ. ಕಾವಲೂ ಇತ್ತು. ಆದರೆ ಕಾವಲಿನವರು ಜನರಿಗೆ ಉತ್ತರ ಕೊಡಬೇಕಿತ್ತು, ಮೊದಲ ತಪ್ಪಿಗೆ ದಂಡ ಚಿಕ್ಕದಾಗಿರುತ್ತಿತ್ತು, ಜಗಳ ತೀರಿಸಲು ಹತ್ತಿರದಲ್ಲೇ ಒಂದು ಜಾಗ ಇತ್ತು. ನಮ್ಮ ಮನೆಯಲ್ಲಿ ಇದ್ಯಾವುದೂ ಇರಲಿಲ್ಲ.

ಒಂದು ಕಡೆ ಮಾತ್ರ ಹೆಸರು ಮುಚ್ಚಿಡುವುದನ್ನು ಒಪ್ಪುತ್ತೇನೆ. ಬಲ ಇರುವವರ ವಿರುದ್ಧ ಬಲ ಇಲ್ಲದವರು ದೂರು ಕೊಡುವಾಗ ಹೆಸರು ಹೊರಬಿದ್ದರೆ ಅವರಿಗೇ ಅಪಾಯ. ಅಲ್ಲೂ ದೂರು ಕೇಳಿ ತೀರ್ಮಾನ ಮಾಡುವವರು ಎಲ್ಲರಿಗೂ ಗೊತ್ತಿರುವ ಜನ ಆಗಿರಬೇಕು. ಆರೋಪ ಹೊತ್ತವರಿಗೆ ವಿಷಯ ಏನು ಅಂತ ತಿಳಿಸಿ, ಅವರ ಮಾತನ್ನೂ ಕೇಳಬೇಕು.