ಉಳಿಸಿದ ನೀರು ಎಲ್ಲಿಗೆ ಹೋಯಿತು?

ನೀರಿನ ಸುಸ್ಥಿರ ನಿರ್ವಹಣೆ ಮತ್ತು ಹವಾಮಾನ ಬದಲಾವಣೆಯ ಬಗ್ಗೆ ಸಂಶೋಧನೆ ಮಾಡುವ ಜಲವಿಜ್ಞಾನಿಯೊಬ್ಬರು ಈ ಸಲ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ಭೂಮಿ ಬಿಸಿಯಾದರೆ ಮಳೆ ಜಾಸ್ತಿಯಾಗುತ್ತದೆ ಅಂತಲೂ ಹೇಳುತ್ತೀರಿ, ಬರ ಜಾಸ್ತಿಯಾಗುತ್ತದೆ ಅಂತಲೂ ಹೇಳುತ್ತೀರಿ. ಯಾವುದಾದರೂ ಒಂದು ಹೇಳಿ!

ಉತ್ತರ: ಎರಡೂ ನಿಜ. ಸಿಟ್ಟಾಗಬೇಡಿ, ಅದು ಗಾಳಿಯ ಗುಣ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹೊರಬಲ್ಲ ತೇವ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಆದರೆ ಇಡೀ ಭೂಮಿಯ ಸರಾಸರಿ ಮಳೆ ಹೆಚ್ಚುವುದು ಡಿಗ್ರಿಗೆ ಶೇ 1ರಿಂದ 3 ಮಾತ್ರ. ಹಂಡೆ ದೊಡ್ಡದಾಗಿದೆ, ತುಂಬಿಸುವ ನಲ್ಲಿ ಹೆಚ್ಚೂಕಡಿಮೆ ಹಳೆಯದೇ. ಹಾಗಾಗಿ ತುಂಬೋಕೆ ಜಾಸ್ತಿ ದಿನ ಬೇಕು. ಸುರಿದಾಗ ಒಮ್ಮೆಲೇ ಸುರಿಯುತ್ತದೆ. ನಡುವಿನ ದಿನಗಳಲ್ಲಿ ಅದೇ ಬಾಯಾರಿದ ಗಾಳಿ ಮಣ್ಣಿನಿಂದ, ಎಲೆಗಳಿಂದ, ಕೆರೆಯಿಂದ ತೇವ ಹೀರುತ್ತಲೇ ಇರುತ್ತದೆ.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ದಿನಕ್ಕೆ ಹತ್ತತ್ತು ಮಿ.ಮೀ.ನಂತೆ ಆರು ದಿನ ಬಂದರೂ 60 ಲೀಟರ್. ಒಂದೇ ಗಂಟೆಯಲ್ಲಿ ಬಡಿದು ಹೋದರೂ 60 ಲೀಟರ್. ಮಳೆಮಾಪಕಕ್ಕೆ ಎರಡೂ ಒಂದೇ, ಮಣ್ಣಿಗೆ ಅಲ್ಲ. ಜೇಡಿಮಣ್ಣು ಗಂಟೆಗೆ ಕೆಲವೇ ಮಿಲಿಮೀಟರ್ ಕುಡಿಯಬಲ್ಲದು. ಮಿಕ್ಕಿದ್ದು ಮೇಲ್ಮಣ್ಣನ್ನೂ ಎತ್ತಿಕೊಂಡು ಓಡುತ್ತದೆ. 'ವಾಡಿಕೆಯಷ್ಟು ಮಳೆಯಾಗಿದೆ' ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಎಷ್ಟು ದಿನದಲ್ಲಿ ಅಂತ. (ಹಾಗಂತ ಜೋರು ಮಳೆ ಯಾವಾಗಲೂ ಕೆಟ್ಟದ್ದಲ್ಲ. ಮರಳು ನೆಲದ ಒಣ ಪ್ರದೇಶಗಳಲ್ಲಿ ಅಂತರ್ಜಲ ತುಂಬುವುದೇ ಹೆಚ್ಚಾಗಿ ಅಂಥ ಮಳೆಯಿಂದ.)

ಇನ್ನೊಂದು ಮಾತು. ಬಿದ್ದ ಮಳೆಯಲ್ಲಿ ಮಣ್ಣು, ಗಿಡ, ಬಿಸಿಲು ಮೊದಲು ತಮ್ಮ ಪಾಲು ತಗೊಳ್ಳುತ್ತವೆ. ಉಳಿದದ್ದು ಹೊಳೆಗೆ. ಆದ್ದರಿಂದ ಮಳೆ ಸ್ವಲ್ಪ ಕಮ್ಮಿಯಾದರೂ ಹೊಳೆಗೆ ಬೀಳುವ ಪೆಟ್ಟು ದೊಡ್ಡದು. ಆಸ್ಟ್ರೇಲಿಯಾದ ನೈಋತ್ಯ ಮೂಲೆಯಲ್ಲಿ 1970ರ ದಶಕದಿಂದೀಚೆಗೆ ಮಳೆ ಇಳಿದದ್ದು ಹೆಚ್ಚೂಕಡಿಮೆ ಶೇ 15ರಿಂದ 20. ಅಲ್ಲಿನ ಪರ್ತ್ ನಗರದ ಅಣೆಕಟ್ಟುಗಳಿಗೆ ಹರಿದು ಬರುವ ನೀರು ಅರ್ಧಕ್ಕಿಂತ ಜಾಸ್ತಿ ಇಳಿಯಿತು.

ಪ್ರಶ್ನೆ: ಸಂಶೋಧನೆ ಅಂದರೆ ಕಂಪ್ಯೂಟರ್ ಮುಂದೆ ಕೂತು ನಕ್ಷೆ ಬಿಡಿಸೋದಾ?

ಉತ್ತರ: ಅರ್ಧ ಹೌದು. ಇನ್ನರ್ಧ ಬಾವಿಯೊಳಗೆ ಇಣುಕುವುದು. ಸ್ಟೀಲ್ ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ ಬಾವಿಗೆ ಇಳಿಬಿಡುತ್ತೇವೆ. ನೀರು ತಾಗಿದಷ್ಟು ಭಾಗದ ಬಣ್ಣ ಗಾಢವಾಗುತ್ತದೆ. ಇಳಿಬಿಟ್ಟ ಉದ್ದದಲ್ಲಿ ಒದ್ದೆಯಾದ ಉದ್ದ ಕಳೆದರೆ ನೀರು ಎಷ್ಟು ಆಳದಲ್ಲಿದೆ ಎಂದು ಸಿಕ್ಕಿತು. ಎರಡು ಸಲ ಅಳೆಯಬೇಕು. ತಾಳೆಯಾಗದಿದ್ದರೆ ಮೂರನೇ ಸಲ. ನೀರು ತಾಗಿದ ಕೂಡಲೇ ಕುಂಯ್ ಅನ್ನುವ ಯಂತ್ರಗಳು ಈಗ ಬಂದಿವೆ, ಆದರೆ ಬ್ಯಾಟರಿ ಮುಗಿದ ದಿನ ಸೀಮೆಸುಣ್ಣವೇ ಗತಿ.

ಆವಿಯಾಗುವ ನೀರನ್ನು ಅಳೆಯಲು ಸುಮಾರು 1.2 ಮೀಟರ್ ಅಗಲದ, 25 ಸೆಂ.ಮೀ. ಆಳದ ಲೋಹದ ತೊಟ್ಟಿ ಇಡುತ್ತೇವೆ. ಒಮ್ಮೆ ಒಂದು ವಾರದ ಅಂಕಿ ವಿಪರೀತ ಜಾಸ್ತಿ ಬಂತು. ಬಿಸಿಲಿನ ಕೆಲಸ ಅಂದುಕೊಂಡರೆ, ಹಕ್ಕಿಗಳು ಬಂದು ಕುಡಿದು, ಮಿಂದು, ಚೆಲ್ಲಿ ಹೋಗುತ್ತಿದ್ದವು! ಮೇಲೆ ತಂತಿಬಲೆ ಹಾಕಿದೆವು. ಬಲೆಯ ನೆರಳಿಗೆ ಆವಿಯಾಗುವುದೇ ಕಡಿಮೆಯಾಯಿತು. ಅದಕ್ಕೆ ಮತ್ತೊಂದು ತಿದ್ದುಪಡಿ.

ಆಕಾಶದಿಂದಲೂ ಅಳೆಯುತ್ತಾರೆ. 2002ರಲ್ಲಿ ಹಾರಿದ 'ಗ್ರೇಸ್' ಎಂಬ ಜೋಡಿ ಉಪಗ್ರಹಗಳು ಸುಮಾರು 220 ಕಿ.ಮೀ. ಅಂತರದಲ್ಲಿ ಒಂದರ ಹಿಂದೊಂದು ಸುತ್ತುತ್ತಿದ್ದವು. 2018ರಿಂದ ಅವುಗಳ ಉತ್ತರಾಧಿಕಾರಿಗಳು ಅದೇ ಕೆಲಸ ಮಾಡುತ್ತಿವೆ. ಕೆಳಗೆ ಅಂತರ್ಜಲ ಬರಿದಾದರೆ ಅಲ್ಲಿನ ಗುರುತ್ವದ ಸೆಳೆತ ಚೂರು ಕಮ್ಮಿಯಾಗುತ್ತದೆ, ಉಪಗ್ರಹಗಳ ನಡುವಿನ ಅಂತರ ಕೂದಲೆಳೆಗಿಂತ ಕಡಿಮೆ ಬದಲಾಗುತ್ತದೆ. ಅದನ್ನೇ ಓದಿಕೊಳ್ಳುವುದು. ಆದರೆ ಅವಕ್ಕೆ ಕಾಣುವುದು ನೂರಾರು ಕಿ.ಮೀ. ಅಗಲದ ಚಿತ್ರ. ನಿಮ್ಮ ಬಾವಿಯ ಕಥೆ ಹೇಳೋಕೆ ಟೇಪೇ ಬೇಕು.

ಇಷ್ಟೆಲ್ಲ ಅಳತೆ ಯಾಕೆ ಅಂತೀರಾ? 1922ರಲ್ಲಿ ಅಮೆರಿಕದ ಕೊಲರಾಡೊ ನದಿಯ ನೀರನ್ನು ಏಳು ರಾಜ್ಯಗಳು ಹಂಚಿಕೊಂಡವು. ಕೈಯಲ್ಲಿದ್ದದ್ದು ಕೆಲವೇ ವರ್ಷಗಳ ದಾಖಲೆ, ಅದೂ ತುಂಬಾ ಒಳ್ಳೆಯ ಮಳೆಯ ವರ್ಷಗಳದ್ದು. ಮರಗಳ ವಾರ್ಷಿಕ ಉಂಗುರಗಳ ಅಗಲ ಅಳೆದು ನೋಡಿದಾಗ ಆ ಕಾಲ ಎಷ್ಟು ಅಪರೂಪದ್ದು ಎಂದು ಆಮೇಲೆ ಗೊತ್ತಾಯಿತು. ಇಲ್ಲದ ನೀರನ್ನು ಹಂಚಿಕೊಂಡಿದ್ದರು, ಜಗಳ ಇನ್ನೂ ನಡೆದಿದೆ. ಈಗ ಬಿಸಿಯಾಗುತ್ತಿರುವ ಭೂಮಿಯಲ್ಲಿ ಉದ್ದದ ದಾಖಲೆ ಇದ್ದರೂ ಅದನ್ನೇ ನಂಬಿ ಕೂರುವಂತಿಲ್ಲ.

ಪ್ರಶ್ನೆ: ಹನಿ ನೀರಾವರಿಯಿಂದ ನೀರು ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಿಮಗೆ ಮಾತ್ರ ಅನುಮಾನ. ಯಾಕೆ?

ಉತ್ತರ: ಹನಿಯ ಮೇಲೆ ಅನುಮಾನವಿಲ್ಲ, ಲೆಕ್ಕದ ಮೇಲೆ ಇದೆ. ಸುಮ್ನೆ ಉದಾಹರಣೆಗೆ ಇಟ್ಟುಕೊಳ್ಳಿ. ಒಬ್ಬ ರೈತ ಕಾಲುವೆಯಲ್ಲಿ 100 ಪಾಲು ನೀರು ಹಾಯಿಸುತ್ತಾನೆ. 60 ಬೆಳೆಗೆ, 10 ಆವಿಯಾಗಿ ಹೋಯಿತು, 30 ನೆಲಕ್ಕೆ ಇಂಗಿತು. ಆ 30 ಹಾಳಾಯಿತು ಅಂತೀರಿ, ಅಲ್ವಾ? ಅದು ಕೆಳಗಿನ ಹೊಲದವನ ಬಾವಿಗೆ ಹೋಯಿತು.

ಈಗ ಹನಿ ಪೈಪು ಬಂತು. 65 ಪಾಲು ಸಾಕು, 60 ಬೆಳೆಗೆ, 5 ಆವಿಗೆ. ರೈತನ ಲೆಕ್ಕದಲ್ಲಿ 35 ಉಳಿಯಿತು. ಆದರೆ ಬೆಳೆ ಕುಡಿದದ್ದೂ ಹೆಚ್ಚೂಕಡಿಮೆ ಎಲ್ಲ ಎಲೆಗಳಿಂದ ಆವಿಯಾಗಿಯೇ ಹೋಗುತ್ತದೆ. ಹಾಗಾಗಿ ಆ ಪ್ರದೇಶವನ್ನೇ ಬಿಟ್ಟು ಹೋಗುತ್ತಿದ್ದ ನೀರು ಮೊದಲು 70, ಈಗ 65. ನಿಜವಾದ ಉಳಿತಾಯ ಬರೀ 5. ಉಳಿದ 35 ಪಾಲನ್ನು ರೈತ ಸುಮ್ಮನೆ ಬಿಡುತ್ತಾನಾ? ಪಕ್ಕದ ಖಾಲಿ ಜಾಗಕ್ಕೂ ಪೈಪು ಎಳೆಯುತ್ತಾನೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆಗ ಪೂರ್ತಿ 100 ಹೋಯಿತು, ಇಂಗುವುದು ಸೊನ್ನೆ. ಕೆಳಗಿನವನ ಬಾವಿ ಒಣಗಿತು. ಅವನಿಗೆ ಕಾರಣವೇ ಗೊತ್ತಾಗುವುದಿಲ್ಲ, ಮಳೆಯನ್ನು ಬೈಯುತ್ತಾನೆ.

ಇದು ನನ್ನೊಬ್ಬಳ ತಕರಾರಲ್ಲ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ ಇದೇ ವಿರೋಧಾಭಾಸದ ಬಗ್ಗೆ ಬರೆದಿದ್ದಾರೆ. ಮನುಷ್ಯರು ಹೊಳೆ, ಬಾವಿಗಳಿಂದ ಎತ್ತುವ ಸಿಹಿನೀರಿನಲ್ಲಿ ಸುಮಾರು ಶೇ 70 ಹೋಗುವುದು ಬೇಸಾಯಕ್ಕೆ. ಲೆಕ್ಕ ತಪ್ಪಿದರೆ ಇಲ್ಲೇ ದೊಡ್ಡದಾಗಿ ತಪ್ಪುತ್ತದೆ.

ಇಂಗಿದ ನೀರು ಉಪ್ಪು ನೀರಿಗೋ ಸಮುದ್ರಕ್ಕೋ ಸೇರಿಹೋಗುವ ಕಡೆ ಹನಿ ನೀರಾವರಿಯಿಂದ ನಿಜವಾಗಿಯೂ ನೀರು ಉಳಿಯುತ್ತದೆ. ಪಂಪಿನ ಕರೆಂಟು, ಗೊಬ್ಬರ ಎಲ್ಲ ಕಡೆಯೂ ಉಳಿಯಬಹುದು. ಹಾಕಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಪೈಪಿನ ಜೊತೆಗೆ, ಆ ಪ್ರದೇಶದಿಂದ ಒಟ್ಟು ಎಷ್ಟು ನೀರು ಎತ್ತಬಹುದು ಎನ್ನುವ ಮಿತಿಯೂ ಬರಬೇಕು. ಸಬ್ಸಿಡಿ ಕೊಡುವವರು ಎಷ್ಟು ಮೀಟರ್ ಪೈಪು ಹಾಕಿದಿರಿ ಎಂದು ಎಣಿಸುತ್ತಾರೆ, ಬಾವಿಯ ಮಟ್ಟ ಎಣಿಸುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲಿ.

ಪ್ರಶ್ನೆ: ಸಮುದ್ರದ ನೀರನ್ನೇ ಸಿಹಿ ಮಾಡಿಕೊಂಡರೆ ಎಲ್ಲ ಸಮಸ್ಯೆಯೂ ಮುಗಿಯಿತಲ್ಲ?

ಉತ್ತರ: ಕುಡಿಯೋಕೆ ಆಗುತ್ತದೆ. ಈಗಿನ ಘಟಕಗಳಲ್ಲಿ ಸಾವಿರ ಲೀಟರಿಗೆ ಸುಮಾರು 3ರಿಂದ 4 ಯೂನಿಟ್ ಕರೆಂಟು ಸಾಕು. ಆದರೆ ಒಂದು ಕಿಲೋ ಗೋಧಿ ಬೆಳೆಯಲು ಪ್ರಪಂಚದ ಸರಾಸರಿಯಲ್ಲಿ ಸುಮಾರು 1,800 ಲೀಟರ್ ನೀರು ಬೇಕು, ಬಹುಪಾಲು ಮಳೆಯಿಂದಲೇ. ಅಷ್ಟು ನೀರನ್ನು ಕರೆಂಟಿನಲ್ಲಿ ಮಾಡಿ ಹೊಲಕ್ಕೆ ಬಿಡುವ ಲೆಕ್ಕ ಕೂಡುವುದಿಲ್ಲ. ಕುಡಿಯುವ ನೀರಿಗೂ ಸಮುದ್ರಕ್ಕೆ ಹೋಗುವ ಮೊದಲು ನಮ್ಮ ಕೊಳಚೆ ನೀರನ್ನೇ ನೋಡಬಹುದು, ಅದರಲ್ಲಿ ಉಪ್ಪು ಎಷ್ಟೋ ಕಮ್ಮಿ. ಮೂಗು ಮುಚ್ಚಿಕೊಳ್ಳಬೇಡಿ. ನಮೀಬಿಯಾದ ವಿಂಡ್‌ಹೂಕ್ ನಗರದಲ್ಲಿ ಹಾಗೆ ಶುದ್ಧ ಮಾಡಿದ ನೀರನ್ನು 1968ರಿಂದಲೇ ಕುಡಿಯುವ ನೀರಿಗೆ ಸೇರಿಸುತ್ತಿದ್ದಾರೆ.